ಮೋತ್ಯಾನ ಫೈಲು

ನಿವೃತ್ತಿಯಾದ ಮೇಲೆ ಅಪ್ಪ ದೇವದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಊರವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದರು. ವಿಧವಾ ವೇತನ, ಪಹಣಿಯಲ್ಲಿ ತಪ್ಪಾದ ಹೆಸರು, ನಾರಾಯಣಪುರ ಬಲದಂಡೆ ಕಾಲುವೆಗೆ ಹೋದ ಹೊಲದ ಪರಿಹಾರ, ಹೀಗೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದು ಶುರು ಮಾಡಿ ಆಮೇಲೆ ಕನ್ನಡ ಶಾಲೆಯ ಮಾಸ್ತರಾದವರು. ಅವರ ಅರ್ಜಿಗಳಲ್ಲಿ ಎರಡೂ ಭಾಷೆಯ ಕಚೇರಿ ಗತ್ತು ಇರುತ್ತಿತ್ತು. ದುಡ್ಡು ಮುಟ್ಟುತ್ತಿರಲಿಲ್ಲ. ಆದರೆ ಒಂದು ಷರತ್ತು: ಅರ್ಜಿ ಒಯ್ದವನು ಕಚೇರಿಯಿಂದ ಹಿಂಬರಹ ತಗೊಂಡೇ ಬರಬೇಕು. "ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ ಅಂತ ಬರದು ಕೊಡ್ಲಿ. ಬಾಯಿಲೆ ಹೇಳಿದ್ದು ಸರ್ಕಾರ ಅಲ್ಲ" ಎನ್ನುತ್ತಿದ್ದರು.

ಅಂಥವರು ನಮ್ಮ ಮನೆತನದ ವಿಷಯಕ್ಕೆ ಅರ್ಜಿ ಬರೆದದ್ದು ಒಂದೇ ಸಲ. ಅದು ಪೊಲೀಸರು ಗುಂಡು ಹಾಕಿ ಕೊಂದ ನಾಯಿಯ ಬಗ್ಗೆ. ಆ ಅರ್ಜಿಯ ಬೆನ್ನಿಗೆ ಬೆಳೆದ ಫೈಲು ಈಗ ರಾಯಚೂರಿನಲ್ಲಿ ನನ್ನ ವಕೀಲಿ ಆಫೀಸಿನ ಬೀರುವಿನಲ್ಲಿದೆ. ಕಕ್ಷಿದಾರರ ಫೈಲುಗಳು ಬಂದು ಹೋದವು, ಇದು ಹೋಗಿಲ್ಲ.

ಅಕ್ಕನನ್ನು ಕೊಟ್ಟದ್ದು ಮಾನ್ವಿ ತಾಲ್ಲೂಕಿಗೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿದ ಸೀಮೆ. 1945ರಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಎರಡೂ ಸರ್ಕಾರ ಕೂಡಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ಎಡಗಡೆಯ ಕಾಲುವೆ ನಿಜಾಮರ ಪಾಲಿಗೆ ಬಂತು. ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಹರಿದು ರಾಯಚೂರಿನ ಕಡೆಗೆ ಬರುವಷ್ಟರಲ್ಲಿ ಅದು ಸೊರಗಿರುತ್ತದೆ. ಗಂಗಾವತಿ, ಸಿಂಧನೂರಿನವರು ಬತ್ತ ಬೆಳೆಯುತ್ತಾರೆ, ಕೆಳಭಾಗದ ಮಾನ್ವಿ, ರಾಯಚೂರಿನವರು ಗೇಜು ನೋಡುತ್ತ ಕೂಡುತ್ತಾರೆ. 104ನೇ ಮೈಲಿಯಲ್ಲಿ ಇಷ್ಟು ಅಡಿ ನೀರು ನಿಲ್ಲಬೇಕು ಎಂಬ ಮಾತು ನಮ್ಮ ಕಡೆ ಮದುವೆ ಮನೆಯಲ್ಲೂ ಬರುತ್ತದೆ. ಎರಡನೇ ಬೆಳೆಯ ಕೊನೆಗೆ, ಬತ್ತ ಹಾಲುಗಾಳಾಗುವ ಹೊತ್ತಿಗೆ ನೀರು ಇಳಿಯಿತೆಂದರೆ ರಾತ್ರಿ ಎಂಜಿನ್ ಇಟ್ಟು ಎಳೆಯುವವರು, ತೂಬು ಎತ್ತುವವರು, ಅವರನ್ನು ಹಿಡಿಯುವವರು ಎಲ್ಲರೂ ದಂಡೆಯ ಮೇಲೆ. ಕಾಲುವೆಗುಂಟ ನಿಷೇಧಾಜ್ಞೆ ಹಾಕುತ್ತಾರೆ, ಗಸ್ತಿಗೆ ಪೊಲೀಸರು ಬರುತ್ತಾರೆ. ಆ ಪೊಲೀಸರಲ್ಲಿ ಎಷ್ಟೋ ಮಂದಿ ಬೇರೆ ಜಿಲ್ಲೆಯ ಎಳೆ ಹುಡುಗರು. ಹೊಲ ಯಾರದು, ಬದು ಯಾರದು, ನಾಯಿ ಯಾರದು ಒಂದೂ ಗೊತ್ತಿರುವುದಿಲ್ಲ.

ಮೋತ್ಯಾ ಹುಟ್ಟಿದ್ದು ದೇವದುರ್ಗದ ಹತ್ತಿರದ ಒಂದು ಕುರಿಹಟ್ಟಿಯಲ್ಲಿ. ಕುರಿಗಾರ ಮುದುಕನಿಗೆ ಅಪ್ಪ ಎಂದೋ ಒಂದು ಅರ್ಜಿ ಬರೆದುಕೊಟ್ಟಿದ್ದಕ್ಕೆ ಅವನು ಕಂಬಳಿಯಲ್ಲಿ ಸುತ್ತಿ ತಂದು ಕೊಟ್ಟ ಮರಿ. ಅದನ್ನು ಅಕ್ಕನ ಮಗ ಮಾನ್ವಿಗೆ ಒಯ್ದ. ತೋಳದ ಕಾವಲಿಗೆ ಹುಟ್ಟಿದ ಜಾತಿ, ಮೈ ಬೂದು, ಒಂದು ಕಿವಿ ಮುರಿದಿತ್ತು. ಅವರದು ಹೊಲದಲ್ಲಿದ್ದ ಒಂಟಿ ಮನೆ. ಹಗಲು ಬಿಟ್ಟಿರುತ್ತಿದ್ದರು, ರಾತ್ರಿ ದನದ ಕೊಟ್ಟಿಗೆಯ ಕಂಬಕ್ಕೆ ಹಗ್ಗ ಹಾಕಿ ಕಟ್ಟುತ್ತಿದ್ದರು. ಗಸ್ತಿನವರು ಬರುತ್ತಾರೆ, ಯಾರನ್ನಾದರೂ ಕಚ್ಚಿದರೆ ಗದ್ದಲ ಎಂದು ಭಾವನೇ ಆ ವರ್ಷ ಕಟ್ಟಲು ಶುರು ಮಾಡಿದ್ದರು.

1998ರ ಮಾರ್ಚ್ ತಿಂಗಳು. ಪಕ್ಕದ ಹೊಲದವರ ಎಂಜಿನ್ ಹುಡುಕಿಕೊಂಡು ಗಸ್ತಿನ ನಾಲ್ಕೈದು ಮಂದಿ ರಾತ್ರಿ ಅಂಗಳಕ್ಕೆ ಬಂದರು. ಮೋತ್ಯಾ ಬೊಗಳಿತು. ಭಾವ ಚಿಮಣಿ ಹಿಡಿದು ಬಾಗಿಲು ತೆಗೆಯುವಷ್ಟರಲ್ಲಿ ಗುಂಡಿನ ಸಪ್ಪಳ.

ಅಕ್ಕ ಮರುದಿನ ಹೇಳಿದ್ದರಲ್ಲಿ ಅಪ್ಪನ ತಲೆಯೊಳಗೆ ನಾಟಿದ್ದು ಒಂದೇ ಸಂಗತಿ. ಗುಂಡು ಹಾರಿಸಿದ ಮೇಲೆ ಆ ಪೊಲೀಸರು ಕೂಡಲೇ ಹೋಗಲಿಲ್ಲವಂತೆ. ಅವರಲ್ಲಿ ಹಿರಿಯನಾದವನು ಟಾರ್ಚು ಹಾಕಿ ಅಂಗಳವೆಲ್ಲ ಹುಡುಕಿದನಂತೆ. ನಾಯಿ ಇನ್ನೂ ಕಾಲು ಎಳೆಯುತ್ತಿತ್ತು, ಅದರ ಮೇಲೆ ಬೆಳಕು ಬಿದ್ದರೂ ನಿಲ್ಲಲಿಲ್ಲ. ಸೆಗಣಿ ಬುಟ್ಟಿ ಸರಿಸಿ, ಕಣಿಕೆ ಮೇವಿನ ಬುಡ ಕೆದರಿ, ಕಡೆಗೆ ಕಲ್ಲುದೋಣಿಯ ಹಿಂದೆ ಸಿಕ್ಕ ಖಾಲಿ ಕಾಡತೂಸನ್ನು ಅಂಗಿಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡು ಹೋದನಂತೆ. ನನ್ನ ಅಳಿಯ ಆಗ ನಾಲ್ಕನೇ ಇಯತ್ತೆ. ಅವನಿಗೆ ಇವತ್ತಿಗೂ ಗುಂಡಿನ ಸಪ್ಪಳಕ್ಕಿಂತ ಆ ಟಾರ್ಚಿನ ಬೆಳಕೇ ನೆನಪು.

"ಅಂದ್ರ ಆ ಗುಂಡಿಗೆ ಎಲ್ಲೋ ಲೆಕ್ಕ ಕೊಡಬೇಕು ಅವರು" ಎಂದರು ಅಪ್ಪ.

ಪೊಲೀಸ್ ಇಲಾಖೆಯ ಒಳಗನ್ನು ಬಲ್ಲವರಿಗೆ ಇದು ಹೊಸತಲ್ಲ. ಬಂದೂಕು ಕೊಡುವಾಗ ಇಷ್ಟು ಗುಂಡು ಎಂದು ಎಣಿಸಿ ರುಜು ಮಾಡಿಸಿಕೊಳ್ಳುತ್ತಾರೆ. ವಾಪಸು ಬಂದಾಗ ಉಳಿದ ಗುಂಡು ಮತ್ತು ಖಾಲಿ ಕೊಳವೆ ಕೂಡಿ ಅದೇ ಸಂಖ್ಯೆ ಆಗಬೇಕು. ಒಂದು ಕಡಿಮೆಯಾದರೆ ಯಾಕೆಂದು ವರದಿ ಬರೆಯಬೇಕು. ನಾನು ಆಗ ರಾಯಚೂರಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಜೂನಿಯರ್. ಇದನ್ನು ಅಪ್ಪನಿಗೆ ಹೇಳಿದಾಗ ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಹೆಚ್ಚುಕಮ್ಮಿ ಸಮಾಧಾನ. ಕಾಗದ ಇದೆ ಎಂದಮೇಲೆ ದಾರಿಯೂ ಇದೆ ಎಂದು ನಂಬಿದ ಪೀಳಿಗೆ ಅದು.

ಭಾವ ಬೆಳಗಾಗುತ್ತಲೇ ಬೇವಿನ ಮರದ ಕೆಳಗೆ ಗುಂಡಿ ತೋಡಿದ್ದರು. ಅಪ್ಪ ದೇವದುರ್ಗದಿಂದ ಬಂದು ಅದನ್ನು ತಡೆದರು. ಪಶು ಆಸ್ಪತ್ರೆಯ ಡಾಕ್ಟರನ್ನು ಕರೆಸಿ ಮರಣೋತ್ತರ ಪರೀಕ್ಷೆ ಆಗಬೇಕೆಂದು ಪಟ್ಟು ಹಿಡಿದರು. ಎಮ್ಮೆ, ಎತ್ತು ಸತ್ತರೆ ವಿಮೆಗಾಗಿ ಮಾಡುವ ಪರೀಕ್ಷೆ ಡಾಕ್ಟರಿಗೆ ರೂಢಿ. ನಾಯಿಗೆ ಮಾಡಿಸುವವರನ್ನು ಅವರು ಕಂಡಿರಲಿಲ್ಲ. ಆದರೂ ಮಾಡಿದರು, ಎರಡು ಪುಟ ಬರೆದುಕೊಟ್ಟರು. ಅಷ್ಟರಲ್ಲಿ ಅಪ್ಪ ಊರಿನ ಇಬ್ಬರನ್ನು ಪಂಚರಾಗಿ ನಿಲ್ಲಿಸಿ ತಮ್ಮದೇ ಒಂದು ಪಂಚನಾಮೆ ತಯಾರು ಮಾಡಿದ್ದರು. ಕಾನೂನಿನ ಮುಂದೆ ಅದಕ್ಕೆ ದೊಡ್ಡ ಬೆಲೆಯಿಲ್ಲ. ಆದರೆ ಅದರಲ್ಲಿ ಎರಡು ಅಳತೆಗಳಿದ್ದವು: ಕಂಬದಿಂದ ಕೊರಳಿನವರೆಗೆ ಹಗ್ಗ ಆರು ಮೊಳ. ಕಂಬದಿಂದ ಬೂಟಿನ ಗುರುತಿದ್ದ ಜಾಗಕ್ಕೆ ಹದಿನೈದು ಹೆಜ್ಜೆ. ನಾನು ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ವಕೀಲಿ ಮಾಡಿದ್ದೇನೆ, ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಕಂಡದ್ದು ಅಪರೂಪ.

ಠಾಣೆಯ ಹೆಸರು ಬೇಡ, ಅಲ್ಲಿದ್ದವರ ಹೆಸರೂ ಬೇಡ. ಅರ್ಜಿ ಓದಿದ ಜಮಾದಾರರು ಮೊದಲು ನಕ್ಕರು.

"ಏನ್ರಿ ಮಾಸ್ತರ್, ನಾಯಿ ಸತ್ತದ್ದಕ್ಕ ಕೇಸ್ ಹಾಕ್ತೀರೇನ್ರಿ? ಇನ್ನೊಂದು ಮರಿ ತಂದು ಸಾಕ್ರಿ, ಆತು."

"ಮರಿ ಕೇಳಾಕ ಬಂದಿಲ್ರಿ ಸಾಹೇಬ್ರ. ಯಾಕ ಹೊಡದ್ರು ಅಂತ ಬರದು ಕೊಡ್ರಿ, ಹೋಗ್ತೀನಿ."

"ಹುಚ್ಚು ನಾಯಿ ಇತ್ತು, ಮೈಮ್ಯಾಲ ಬಂತು, ಹೊಡದ್ರು."

"ಅದನ್ನ ಬರದು ಕೊಡ್ರಿ."

ಬರೆದು ಕೊಡಲಿಲ್ಲ. ಆದರೆ ಆ ಮಾತು ಅಪ್ಪನಿಗೆ ಒಂದು ಹಿಡಿ ಕೊಟ್ಟಿತು. ಹುಚ್ಚು ನಾಯಿ ಎಂಬುದು ಆ ಕಾಲದಲ್ಲಿ ಹಗುರ ಮಾತಲ್ಲ. ಕಚ್ಚಿಸಿಕೊಂಡವರಿಗೆ ಸರ್ಕಾರಿ ದವಾಖಾನೆಯಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ದಿನಗಳು. ಪ್ರಾಣಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೇ ಲಸಿಕೆ ದೇಶದಲ್ಲಿ ನಿಂತದ್ದು 2005ರ ಸುಮಾರಿಗೆ. ರೇಬಿಸ್ ಹತ್ತಿದರೆ ಉಳಿಗಾಲವಿಲ್ಲ ಎಂಬುದು ಆಗಲೂ ನಿಜ, ಈಗಲೂ ನಿಜ. ಹುಚ್ಚು ನಾಯಿಯನ್ನು ಪೊಲೀಸನೊಬ್ಬ ಹೊಡೆದರೆ ಊರು ಅವನಿಗೆ ಕೈ ಮುಗಿಯುತ್ತದೆ, ಮುಗಿಯಬೇಕು ಕೂಡ. ಅಪ್ಪ ಅದನ್ನೇ ತಿರುಗಿಸಿ ಕೇಳಿದರು. ಹುಚ್ಚು ಹಿಡಿದಿತ್ತು ಎಂದು ನಿಮಗೆ ಗೊತ್ತಿದ್ದರೆ, ಅದರ ಜೊತೆ ಮಲಗಿ ಏಳುವ ನನ್ನ ಮೊಮ್ಮಗನನ್ನು ದವಾಖಾನೆಗೆ ಕಳಿಸಬೇಕಿತ್ತಲ್ಲ? ಗುಂಡು ಎದೆಗೆ ಬಿದ್ದಿದೆ, ತಲೆ ಇಡಿಯಾಗಿ ಉಳಿದಿದೆ. ಮೆದುಳು ಪರೀಕ್ಷೆಗೆ ಬೆಂಗಳೂರಿನ ಹೆಬ್ಬಾಳಕ್ಕೆ ಕಳಿಸಿ ಎಂದು ಡಾಕ್ಟರಿಗೆ ಒಂದು ಪತ್ರ ಬರೆಯಬೇಕಿತ್ತಲ್ಲ? ಪತ್ರ ಬರಲಿಲ್ಲ. ಡಾಕ್ಟರು ತಮ್ಮ ವರದಿಯ ಕೊನೆಗೆ ಅಷ್ಟನ್ನೇ ಬರೆದಿದ್ದರು: ಹೊರಗೆ ರೋಗದ ಲಕ್ಷಣ ಕಾಣಲಿಲ್ಲ, ತಲೆಯ ಭಾಗ ಪರೀಕ್ಷೆಗೆ ಯೋಗ್ಯವಿತ್ತು, ಪರೀಕ್ಷೆಗೆ ಕೋರಿಕೆ ಬಂದಿಲ್ಲ.

ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದೆಂದು ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಮು ಹೇಳುತ್ತಿತ್ತು. ಅಪ್ಪ ಅಂಚೆಗೆ ಹಾಕದೆ ತಾವೇ ರಾಯಚೂರಿಗೆ ಬಂದರು. ಇಸ್ತ್ರಿ ಧೋತರ, ಕರಿ ಕೋಟು, ಬಿಸಿಲಿಗೆ ತಲೆ ಮೇಲೆ ಒದ್ದೆ ವಸ್ತ್ರ. ರಾಯಚೂರಿನ ಏಪ್ರಿಲ್ ಬಿಸಿಲನ್ನು ಬೇರೆ ಊರಿನವರಿಗೆ ಬರೆದು ತಿಳಿಸಲಾಗದು. ಎಸ್‌ಪಿ ಕಚೇರಿಯಲ್ಲಿ ಅರ್ಜಿ ತಗೊಂಡರು, ಸೀಲು ಹಾಕಿದರು, ವಿಚಾರಣೆಗೆ ಆದೇಶವೂ ಆಯಿತು. ಅಧಿಕಾರಿಯೊಬ್ಬರು ಬಂದು ಅಕ್ಕ, ಭಾವನ ಹೇಳಿಕೆ ಬರೆದುಕೊಂಡರು. ಅವರು ಮರ್ಯಾದೆಯಿಂದಲೇ ನಡೆದುಕೊಂಡರು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ಚಹಾ ಕೊಟ್ಟರೆ ಕುಡಿದರಂತೆ, ಹಗ್ಗವನ್ನು ತಾವೇ ಅಳೆದು ನೋಡಿದರಂತೆ. ಆಮೇಲೆ ಏನಾಯಿತೆಂದು ಯಾರೂ ಹೇಳಲಿಲ್ಲ.

ನಾನು ಕೋರ್ಟಿಗೆ ಹೋಗೋಣ ಎಂದೆ. ಕಾನೂನು ಪುಸ್ತಕ ತೆಗೆದರೆ ಮೊದಲು ಎದುರಾದದ್ದು ಬೆಲೆಯ ಪ್ರಶ್ನೆ. ಆಗ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಯಲ್ಲಿ ಪ್ರಾಣಿಯನ್ನು ಕೊಂದ ಅಪರಾಧ ಎರಡು ಮೆಟ್ಟಿಲಿನದಾಗಿತ್ತು. 428ನೇ ಕಲಮಿಗೆ ಪ್ರಾಣಿಯ ಬೆಲೆ ಹತ್ತು ರೂಪಾಯಿ ಇರಬೇಕಿತ್ತು, ಶಿಕ್ಷೆ ಎರಡು ವರ್ಷದವರೆಗೆ. 429ರಲ್ಲಿ ಆನೆ, ಒಂಟೆ, ಕುದುರೆ, ಎಮ್ಮೆ, ಎತ್ತು, ಹಸುಗಳಿಗೆ ಬೆಲೆಯ ಮಾತಿರಲಿಲ್ಲ. ಉಳಿದ ಯಾವ ಪ್ರಾಣಿಯಾದರೂ ಐವತ್ತು ರೂಪಾಯಿ ಬಾಳಬೇಕಿತ್ತು, ಶಿಕ್ಷೆ ಐದು ವರ್ಷದವರೆಗೆ. ಇನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಮೊದಲ ಸಲದ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಈ ದಂಡ ಈ ಸಾಲು ಬರೆಯುವಾಗಲೂ ಬದಲಾಗಿಲ್ಲ. ರಾಯಚೂರಿನ ಬಸ್ ನಿಲ್ದಾಣದಲ್ಲಿ ಗಾಡಿ ಅಡ್ಡ ನಿಲ್ಲಿಸಿದರೆ ಇದಕ್ಕಿಂತ ಹೆಚ್ಚು ಕಟ್ಟಬೇಕು.

ಹಾಗಾದರೆ ಮೋತ್ಯಾನ ಬೆಲೆ ಎಷ್ಟು? ಮುಧೋಳ ನಾಯಿಯಾಗಿದ್ದರೆ ರಸೀದಿ ಇರುತ್ತಿತ್ತು. ಇದು ಕುರಿಹಟ್ಟಿಯ ನಾಯಿ. ಆ ಮುದುಕನನ್ನು ಹುಡುಕಿಕೊಂಡು ಅಪ್ಪ ಮತ್ತು ನಾನು ದೇವದುರ್ಗದ ಆಚೆಗೆ ಹೋದೆವು. ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದ. ಬಲೆಯ ಒಳಗೆ ಕುರಿ, ಹೊರಗೆ ಮೋತ್ಯಾನ ತಾಯಿಯೋ ಅಕ್ಕನೋ ಇರಬೇಕಾದ ಬೂದು ಬಣ್ಣದ ಎರಡು ನಾಯಿ. ನಮ್ಮನ್ನು ನೋಡಿ ಅವು ಏಳಲಿಲ್ಲ, ಆದರೆ ಕಣ್ಣು ನಮ್ಮ ಮೇಲೇ ಇದ್ದವು. ಅಪ್ಪ ವಿಷಯ ಹೇಳಿದರು. ಮುದುಕ ಬಹಳ ಹೊತ್ತು ಸುಮ್ಮನಿದ್ದು, "ನಾಯಿ ಮಾರಂಗಿಲ್ರಿ ಮಾಸ್ತರ. ಮಾರಿದ್ರ ಕುರಿ ಏಳಿಗಿ ಆಗಂಗಿಲ್ಲ" ಎಂದ. ಮಾರದ ವಸ್ತುವಿಗೆ ಬೆಲೆ ಎಲ್ಲಿಂದ ತರುವುದು? ಅಪ್ಪ ಬೇರೆ ಕಡೆಯಿಂದ ಬಂದರು. ತೋಳ ಬಂದ ರಾತ್ರಿ ನಾಯಿ ಇಲ್ಲದಿದ್ದರೆ ಎಷ್ಟು ಕುರಿ ಹೋಗುತ್ತವೆ? ಎರಡಾದರೂ ಹೋಗ್ತಾವ್ರಿ ಎಂದ. ಒಂದು ಕುರಿಗೆ ಸಂತೆಯಲ್ಲಿ ಎಷ್ಟು? ಅದಕ್ಕೆ ಅವನು ಲೆಕ್ಕ ಹೇಳಿದ. ಅಪ್ಪ ಅಲ್ಲೇ ಬದುವಿನ ಮೇಲೆ ಕೂತು ಹೇಳಿಕೆ ಬರೆದು ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡರು. ಹೆಬ್ಬೆಟ್ಟಿನ ಮಸಿ ಒರೆಸಲು ಮುದುಕ ಕಂಬಳಿಯ ಅಂಚು ಹಿಡಿದವನು, ಏನೋ ನೆನಪಾಗಿ, ಒರೆಸದೆ ಬಿಟ್ಟು ಕೇಳಿದ: "ಕಟ್ಟಿ ಹಾಕಿತ್ತೇನ್ರಿ?" ಹೌದು ಎಂದರು ಅಪ್ಪ. "ಹಂಗಾರ ಅದು ನಾಯಿದು ತಪ್ಪಲ್ಲ" ಎಂದ.

ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಿದೆವು. ಭಾವನ ಪ್ರಮಾಣ ಹೇಳಿಕೆ ಆಯಿತು. ಅಲ್ಲಿಗೆ ಗಾಡಿ ನಿಂತಿತು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮು ನಮ್ಮ ದಾರಿಗೆ ಅಡ್ಡವಿತ್ತು. ಪೊಲೀಸ್ ಅಧಿಕಾರಿಯು ಕರ್ತವ್ಯದ ಹೆಸರಿನಲ್ಲಿ, ಅಥವಾ ಆ ಕರ್ತವ್ಯವನ್ನು ಮೀರಿ ಮಾಡಿದ ಕೃತ್ಯಕ್ಕೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ನಡೆಸುವಂತಿಲ್ಲ ಎನ್ನುವ ಕಲಮು ಅದು. 'ಮೀರಿ' ಎಂಬುದನ್ನೂ ಸೇರಿಸಿದ್ದರಲ್ಲಿ ಇದೆ ಅದರ ಬಿಗಿ. 2020ರಲ್ಲಿ ಬೆಂಗಳೂರಿನ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ಕಲಮನ್ನು ಎತ್ತಿಕೊಂಡು, ಕೃತ್ಯಕ್ಕೂ ಕರ್ತವ್ಯಕ್ಕೂ ಸಂಬಂಧವಿದ್ದರೆ ಅತಿರೇಕವಾದರೂ ಅನುಮತಿ ಬೇಕೆಂದು ಹೇಳಿತು. ಸುಳ್ಳು ಕೇಸುಗಳಿಂದ ಪೊಲೀಸರನ್ನು ಕಾಯಲು ಇಂಥದ್ದೊಂದು ಬೇಲಿ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಹಗ್ಗಕ್ಕೆ ಕಟ್ಟಿದ ನಾಯಿಯ ವಿಷಯಕ್ಕೂ ವಿಧಾನಸೌಧದ ಸಹಿ ಬೇಕೆಂದರೆ ಆ ಬೇಲಿಯನ್ನು ಯಾರೂ ದಾಟಲಾರರು. ಅಪ್ಪ ಗೃಹ ಇಲಾಖೆಗೆ ಬರೆದರು. ಪರಿಶೀಲನೆಯಲ್ಲಿದೆ ಎಂದು ಒಂದು ಕಾಗದ ಬಂತು. 2004ರಲ್ಲಿ ಅಪ್ಪ ಹೋಗುವವರೆಗೂ ಅದು ಪರಿಶೀಲನೆಯಲ್ಲೇ ಇತ್ತು.

ಊರಿನಲ್ಲಿ ಮಾಸ್ತರಿಗೆ ಅರಳು ಮರಳು ಎಂದವರೂ ಇದ್ದರು. ನಮ್ಮ ಸೀನಿಯರ್ ಮಾತ್ರ ಒಂದು ದಿನ ಬಾರ್ ಕೊಠಡಿಯಲ್ಲಿ ಕೂಡಿಸಿಕೊಂಡು ಮುಂಬಯಿಯ ಕಥೆ ಹೇಳಿದರು. 1832ರ ಜೂನ್‌ನಲ್ಲಿ ಅಲ್ಲಿ ಕಂಪನಿ ಸರ್ಕಾರ ಬೀದಿನಾಯಿ ಕೊಲ್ಲುವ ಹುಕುಂ ಹೊರಡಿಸಿ, ಪೊಲೀಸರಿಗೆ ನಾಯಿಗೆ ಎಂಟಾಣೆಯಂತೆ ಇನಾಮು ಕಟ್ಟಿತ್ತು. ಇನಾಮಿನ ಆಸೆಗೆ ಅವರು ಮನೆಗಳ ಸಾಕು ನಾಯಿಗೂ ಕೈ ಹಾಕಿದಾಗ ಪಾರ್ಸಿಗಳು ತಿರುಗಿ ಬಿದ್ದರು, ಹಿಂದೂ ಮುಸ್ಲಿಮರೂ ಕೂಡಿಕೊಂಡರು, ಅಂಗಡಿ ಬಾಗಿಲು ಹಾಕಿದರು. ಕೋಟೆಯೊಳಗಿನ ದೊರೆಗಳಿಗೆ ಬ್ರೆಡ್ಡು, ನೀರು ಮುಟ್ಟದಂತಾಯಿತು. ನಗರದ ಮೊದಲ ದೊಡ್ಡ ಗಲಭೆ ಎಂದು ಚರಿತ್ರೆಯಲ್ಲಿ ಅದಕ್ಕೆ ಹೆಸರಿದೆ. ಅಪ್ಪನಿಗೆ ಇದನ್ನು ಹೇಳಿದರೆ, "ಅಂಗಡಿ ಬಂದ್ ಮಾಡಿಸೋ ತಾಕತ್ ನಮಗಿಲ್ಲಪ್ಪ. ಅದಕ್ಕ ಅರ್ಜಿ" ಎಂದರು.

ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್‌ನಲ್ಲಿ ಪೂರ್ತಿ ಜಾರಿಗೆ ಬಂತು. ಅಪ್ಪ ಇದ್ದಿದ್ದರೆ ಹಬ್ಬ ಮಾಡುತ್ತಿದ್ದರು. ಹತ್ತು ರೂಪಾಯಿ ಶುಲ್ಕ ಕಟ್ಟಿ ನಾನು ಆ ಹಳೇ ವಿಚಾರಣೆಯ ಬಗ್ಗೆ ಕೇಳಿದೆ. ಮೊದಲು ಕಡತ ಸಿಗುತ್ತಿಲ್ಲ ಎಂದರು. ಮೇಲ್ಮನವಿಯಲ್ಲಿ ಒಂದೂವರೆ ಪುಟದ ಆದೇಶದ ನಕಲು ಬಂತು. ಅದನ್ನು ನಾನು ಓದಿದಷ್ಟು ಸಲ ಬೇರೆ ಯಾವ ತೀರ್ಪನ್ನೂ ಓದಿಲ್ಲ. ಗುಂಡು ಹಾರಿಸಿದ ಪೇದೆಗೆ ಶಿಕ್ಷೆಯಾಗಿತ್ತು. ಯಾತಕ್ಕೆಂದರೆ, ಮೇಲಧಿಕಾರಿಯ ಅಪ್ಪಣೆ ಇಲ್ಲದೆ ಇಲಾಖೆಯ ಒಂದು ಗುಂಡನ್ನು ಅನಗತ್ಯವಾಗಿ ಖರ್ಚು ಮಾಡಿದ್ದಕ್ಕೆ. ಅವನಿಗೆ ವಾಗ್ದಂಡನೆ ಕೊಟ್ಟು, ಗುಂಡಿನ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಂಡಿದ್ದರು. ನಾಯಿ ಎಂಬ ಶಬ್ದ ಆ ಆದೇಶದಲ್ಲಿ ಒಂದೇ ಕಡೆ ಬರುತ್ತದೆ, ಗುಂಡು ಎಲ್ಲಿ ಹೋಯಿತೆಂದು ಹೇಳುವ ಜಾಗದಲ್ಲಿ. ಹುಚ್ಚು ಹಿಡಿದಿತ್ತೆಂಬ ಮಾತು ಇಲ್ಲವೇ ಇಲ್ಲ.

ಅಧಿಕಾರಿ ಸುಳ್ಳು ಬರೆಯಲಿಲ್ಲವಲ್ಲ ಎಂದು ಅಕ್ಕ ಸಮಾಧಾನಪಟ್ಟಳು. ನನಗೆ ಆ ಪೇದೆಯ ಮೇಲೂ ಸಿಟ್ಟಿಲ್ಲ. ಕತ್ತಲು, ಗೊತ್ತಿಲ್ಲದ ಊರು, ತೋಳ ಹೆದರಿಸುವ ದನಿಯ ನಾಯಿ, ಕೈಯಲ್ಲಿ ಬಂದೂಕು. ಅವನ ನೌಕರಿ ಹೋಗಲಿ ಎಂದು ಅಪ್ಪ ಒಂದು ಅರ್ಜಿಯಲ್ಲೂ ಬರೆದಿಲ್ಲ. ತಪ್ಪು ಇರುವುದು ರಿಜಿಸ್ಟರಿನಲ್ಲಿ. ಗುಂಡಿಗೆ ಅದರಲ್ಲಿ ಕಾಲಂ ಇದೆ, ಜೀವಕ್ಕೆ ಇಲ್ಲ. ಕಾಲಂ ಇಲ್ಲದ್ದಕ್ಕೆ ಯಾವ ಅಧಿಕಾರಿಯೂ ಉತ್ತರ ಕೊಡಬೇಕಾಗಿಲ್ಲ.

ಇದು ನನ್ನ ಕಲ್ಪನೆಯಲ್ಲ ಎಂದು ಗೊತ್ತಾದದ್ದು ಅಳಿಯನಿಂದ. ಟಾರ್ಚಿನ ಬೆಳಕು ಮರೆಯದ ಆ ಹುಡುಗ ಈಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಪೊಲೀಸರು ಸಾಕು ನಾಯಿಗಳನ್ನು ಹೊಡೆಯುವುದು ಎಷ್ಟು ಸಾಮಾನ್ಯವೆಂದರೆ ಅದರ ಸುತ್ತ ಒಂದು ಕಾನೂನು ಶಾಖೆಯೇ ಬೆಳೆದಿದೆ. ನಾಯಿಯನ್ನು ಕೊಲ್ಲುವುದು ಪ್ರಜೆಯ ಸ್ವತ್ತನ್ನು ವಶಪಡಿಸಿಕೊಂಡಂತೆ, ಅದಕ್ಕೆ ತಕ್ಕ ಕಾರಣ ಬೇಕು ಎಂದು ಅಲ್ಲಿನ ಮೇಲ್ಮನವಿ ಕೋರ್ಟೊಂದು 1994ರಲ್ಲೇ ಹೇಳಿದೆ. ಅಳಿಯ ಹೇಳಿದ್ದು ಮೇರಿಲ್ಯಾಂಡ್ ರಾಜ್ಯದ ಬರ್ವಿನ್ ಹೈಟ್ಸ್ ಎಂಬ ಸಣ್ಣ ಊರಿನದು. 2008ರ ಜುಲೈ 29ರಂದು ಆ ಊರಿನ ಮೇಯರ್ ಚೈ ಕ್ಯಾಲ್ವೊ ಮನೆಗೆ ಬಂದೂಕುಧಾರಿ ಪೊಲೀಸ್ ತಂಡ ನುಗ್ಗಿತು. ಗಾಂಜಾ ಸಾಗಿಸುವವರು ಅವರ ಹೆಂಡತಿಯ ವಿಳಾಸ ಬಳಸಿಕೊಂಡು ಪಾರ್ಸೆಲ್ ಕಳಿಸಿದ್ದರು, ಮನೆಯವರಿಗೆ ಅದರ ಗಂಧಗಾಳಿ ಇರಲಿಲ್ಲ. ಪೇಟನ್, ಚೇಸ್ ಎಂಬ ಅವರ ಎರಡು ಕರಿ ಲ್ಯಾಬ್ರಡಾರ್ ನಾಯಿಗಳನ್ನು ಹೊಡೆದು ಹಾಕಿ, ಮೇಯರ್ ಮತ್ತು ಅವರ ಅತ್ತೆಯನ್ನು ಕಟ್ಟಿ ಕೂಡಿಸಿದರು. ಆ ಮನುಷ್ಯ ಬಿಡಲಿಲ್ಲ. ದಾವೆ ಹೂಡಿದರು, ಶಾಸಕರ ಬೆನ್ನು ಹತ್ತಿದರು. ಮರುವರ್ಷ ಆ ರಾಜ್ಯದಲ್ಲಿ ಒಂದು ಕಾಯ್ದೆ ಬಂತು. ಇಂಥ ತಂಡ ಹೊರಗೆ ಹೊರಟ ಪ್ರತಿ ಸಲದ್ದೂ ಲೆಕ್ಕ ಕೊಡಬೇಕು, ಅದರಲ್ಲಿ ಸಾಕು ಪ್ರಾಣಿಗೆ ಗಾಯವಾಯಿತೇ, ಸತ್ತಿತೇ ಎಂಬುದೂ ಇರಬೇಕು ಎಂದು. ಆ ಕಾಯ್ದೆಯ ಅವಧಿ 2014ರಲ್ಲಿ ಮುಗಿದುಹೋಯಿತು, ಮುಂದುವರಿಸಲಿಲ್ಲ. ಆದರೆ ಐದು ವರ್ಷ ಅಲ್ಲಿ ಆ ಕಾಲಂ ಇತ್ತು. ಮೇಯರ್ ಸಾಹೇಬರ ನಾಯಿಯಾಗಿದ್ದಕ್ಕೆ ಬಂತು ಎನ್ನುವವರಿದ್ದಾರೆ. ಇರಬಹುದು. ಕಾಲಂ ಬಂದಮೇಲೆ ಅದರಲ್ಲಿ ಎಲ್ಲರ ನಾಯಿಗೂ ಜಾಗ ಸಿಗುತ್ತದೆ.

ನಮ್ಮ ರಾಜ್ಯದಲ್ಲೂ ಪ್ರಾಣಿಯ ಸಾವಿಗೆ ಉತ್ತರ ಕೇಳಿದ ಪ್ರಸಂಗಗಳಿವೆ. 2021ರ ಜುಲೈನಲ್ಲಿ ಬೇಲೂರು ತಾಲ್ಲೂಕಿನಲ್ಲಿ ಚೀಲಗಳಲ್ಲಿ 38 ಕೋತಿಗಳ ಹೆಣ ಸಿಕ್ಕಾಗ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು ಹೊಸೂರು ಪಂಚಾಯಿತಿ ಎಲ್ಲೆಯಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತದ್ದು ಬಯಲಾಗಿ, ಪಂಚಾಯಿತಿ ಕಡೆಯವರನ್ನೂ ಸೇರಿಸಿ ಬಂಧನಗಳಾದವು. ಎರಡರಲ್ಲೂ ಕೊಂದವರು ಬೇರೆ, ತನಿಖೆ ಮಾಡಿದವರು ಬೇರೆ. ಹಾಗಾಗಿ ಚಕ್ರ ತಿರುಗಿತು. ಗುಂಡು ಹಾರಿಸಿದವರೂ ದೂರು ಬರೆದುಕೊಳ್ಳಬೇಕಾದವರೂ ಒಂದೇ ಇಲಾಖೆಯಾದಾಗ ಏನು ಮಾಡಬೇಕೆಂಬುದಕ್ಕೆ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದಾರಿ ಹೇಳಿತ್ತು: ಪ್ರತಿ ರಾಜ್ಯ, ಪ್ರತಿ ಜಿಲ್ಲೆಯಲ್ಲಿ ಪೊಲೀಸ್ ದೂರು ಪ್ರಾಧಿಕಾರ. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಅದನ್ನು ತಂದಿತು. ಇಂಥದ್ದೊಂದು ಇದೆ ಎಂದು ರಾಯಚೂರಿನ ಕೋರ್ಟು ಆವರಣದಲ್ಲಿ ಹತ್ತು ಮಂದಿ ವಕೀಲರನ್ನು ಕೇಳಿದರೆ ಅರ್ಧಕ್ಕರ್ಧ ಮಂದಿ ನನ್ನನ್ನೇ ವಿಳಾಸ ಕೇಳುತ್ತಾರೆ.

2025ರಲ್ಲಿ ಸುಪ್ರೀಂ ಕೋರ್ಟು ಬೀದಿನಾಯಿಗಳ ಬಗ್ಗೆ ಒಂದರ ಹಿಂದೆ ಒಂದು ಆದೇಶ ಕೊಟ್ಟಾಗ ನಮ್ಮ ಬಾರ್ ಕೊಠಡಿಯೂ ಎರಡು ಭಾಗವಾಯಿತು, ನಾಯಿ ಮುಖ್ಯವೋ ಮಕ್ಕಳು ಮುಖ್ಯವೋ ಎಂದು. ಮಕ್ಕಳೇ ಮುಖ್ಯ, ಅದರಲ್ಲಿ ವಾದವೇನಿದೆ? ಮೋತ್ಯಾನ ಫೈಲು ಆ ಜಗಳಕ್ಕೆ ಸೇರಿದ್ದಲ್ಲ. ಸರ್ಕಾರದ ಬಂದೂಕು ನಮ್ಮ ಅಂಗಳದಲ್ಲಿ ಹಾರಿದರೆ, ಯಾಕೆ ಹಾರಿತೆಂದು ಆ ಅಂಗಳದವನಿಗೆ ಹೇಳಬೇಕೋ ಬೇಡವೋ ಎಂಬಷ್ಟೇ ಅದರ ಪ್ರಶ್ನೆ.

ಈಗ ಕಾನೂನು ಸ್ವಲ್ಪ ಸುಧಾರಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಹತ್ತು, ಐವತ್ತು ರೂಪಾಯಿಯ ಮಾತಿಲ್ಲ. ಯಾವ ಪ್ರಾಣಿಯನ್ನೇ ಕೊಂದರೂ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಕುರಿಗಾರನ ಹೆಬ್ಬೆಟ್ಟು ಹುಡುಕಿಕೊಂಡು ಇನ್ನು ಯಾರೂ ಹೋಗಬೇಕಾಗಿಲ್ಲ. ಸರ್ಕಾರಿ ನೌಕರರ ಮೇಲಿನ ಮೊಕದ್ದಮೆಗೆ ಅನುಮತಿ ಕೋರಿದರೆ 120 ದಿನಗಳಲ್ಲಿ ತೀರ್ಮಾನಿಸಬೇಕು, ಇಲ್ಲವಾದರೆ ಅನುಮತಿ ಸಿಕ್ಕಂತೆ ಎಂದು ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮು ಹೇಳುತ್ತದೆ. ನಮ್ಮ ರಾಜ್ಯದ 170ನೇ ಕಲಮಿಗೂ ಅಂಥದ್ದೇ ಗಡುವು ಬರಬೇಕು. ನಮ್ಮ ಜಿಲ್ಲೆಯ ಶಾಸಕರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಸದನದಲ್ಲಿ ಕೇಳಲಿ. ಗುಂಡಿನ ರಿಜಿಸ್ಟರಿನಲ್ಲಿ ಇನ್ನೊಂದು ಗೆರೆ ಎಳೆಯಲು ಬಜೆಟ್ಟೂ ಬೇಕಾಗಿಲ್ಲ.

ಓದುಗರಿಗೆ ಒಂದು ಮಾತು. ಯಾರ ಮನೆಯಲ್ಲಾದರೂ ಇಂಥದ್ದು ಆದರೆ ಪ್ರಾಣಿಯನ್ನು ಕೂಡಲೇ ಹೂಳಬೇಡಿ. ಪಶು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸಿ, ವರದಿಯ ನಕಲು ತೆಗೆದುಕೊಳ್ಳಿ. ಹುಚ್ಚು ಹಿಡಿದಿತ್ತೆಂದು ಯಾರಾದರೂ ಹೇಳಿದರೆ ಮನೆಯವರೆಲ್ಲ ಆ ದಿನವೇ ದವಾಖಾನೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ, ತಲೆಯನ್ನು ಪರೀಕ್ಷೆಗೆ ಕಳಿಸಲು ಲಿಖಿತವಾಗಿ ಕೇಳಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ತಡ ಮಾಡದೆ ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿ, ಅದಕ್ಕೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ 4ನೇ ಉಪಕಲಮು ಈ ಎರಡೂ ದಾರಿಯನ್ನು ಕೊಟ್ಟಿದೆ.